ಇನ್ನೂರ ಹತ್ತು ಗ್ರಾಂ

ಅಚ್ಚು ಅದೇ ಸಾ, ನೂಲು ಬೇರೆ,
ಅಂದ ದಾವಣಗೆರೆಯ ಜಬೀವುಲ್ಲಾ.
ಅವನಪ್ಪ ಹತ್ತಿ ಮಿಲ್ಲಿನಲ್ಲಿ ಅರವತ್ತರ ಕೌಂಟು ನೂತವನು;
ಮಗ ಈಗ ಕಾರ್ಬನ್ನಿನ ಫ್ರೇಮನ್ನು
ಅದೇ ಬೆರಳಲ್ಲಿ, ಅದೇ ಹೆಮ್ಮೆಯಲ್ಲಿ ಸವರಿ ತೋರಿಸುತ್ತಾನೆ:
ನಿಮ್ಮದು ಏಳುನೂರರ ನೂಲು, ಇದು ಸಾವಿರದ್ದು.
ಗೆಣ್ಣಿನಿಂದ ತಟ್ಟಿದ. ಠಣ್ ಅನ್ನಲಿಲ್ಲ,
ಒಣಗಿದ ಸೋರೆಬುರುಡೆಯ ಹಾಗೆ ಟೊಕ್ ಅಂದಿತು.
ಇನ್ನೂರ ಹತ್ತು ಗ್ರಾಂ ಕಡಿಮೆ.
ತೊಂಬತ್ತೆರಡು ಸಾವಿರ ಹೆಚ್ಚು.

ನಾನು ಚಿತ್ರದುರ್ಗದಲ್ಲಿ ತೂಕ ಅಳತೆಯ ಇನ್ಸ್‌ಪೆಕ್ಟರು.
ಬಟ್ಟಿಗೆ ಮುದ್ರೆ ಒತ್ತುತ್ತೇನೆ, ತಕ್ಕಡಿಯ ಮುಳ್ಳು ನೋಡುತ್ತೇನೆ.
ಕಳೆದ ತಿಂಗಳು ಚಳ್ಳಕೆರೆಯಲ್ಲಿ
ಶೇಂಗಾ ಮಾರುವ ಪಾಲಯ್ಯನ ಕಿಲೋ ಬಟ್ಟಿನ ಅಡಿಯಲ್ಲಿ
ಸೀಸ ಕೆರೆದ ಗುಂಡಿ ಇತ್ತು. ನಲವತ್ತು ಗ್ರಾಂ.
ನಲವತ್ತು ಗ್ರಾಂ ಯಾರ ಹೊಟ್ಟೆಗೆ ಗೊತ್ತಾಗುತ್ತೆ ಸಾ, ಅಂದ.
ಹೊಟ್ಟೆಗಲ್ಲ ಕಣಯ್ಯ, ಕಾನೂನಿಗೆ,
ಅಂದು ರಸೀದಿ ಹರಿದುಕೊಟ್ಟೆ.

ಕಡಿಮೆ ಕೊಟ್ಟವರಿಗೆ ದಂಡ ಹಾಕಿ ಉಣ್ಣುವವನು
ಕಡಿಮೆ ಕೊಡಪ್ಪಾ ಎಂದು ದುಡ್ಡು ಎಣಿಸಬೇಕು.
ಗ್ರಾಮಿಗೆ ನಾನೂರ ಮೂವತ್ತೆಂಟು ರೂಪಾಯಿ,
ಅದೂ ಇಲ್ಲದ ಗ್ರಾಮಿಗೆ.
ಇಲ್ಲದ್ದನ್ನು ಯಾವ ತಟ್ಟೆಯಲ್ಲಿಟ್ಟು ತೂಗಲಿ?

ಅದಕ್ಕೇ, ರಜೆ ಹಾಕಿದ ವಾರ,
ಕಚೇರಿಯ ಮಖಮಲ್ಲಿನ ಪೆಟ್ಟಿಗೆಯಿಂದ
ಇನ್ನೂರರದೊಂದು, ಹತ್ತರದೊಂದು ಹಿತ್ತಾಳೆ ಬಟ್ಟು
ಮನೆಗೆ ತಂದೆ.
(ತಪ್ಪು. ರಿಜಿಸ್ಟರಿನಲ್ಲಿ ಬರೆದಿಲ್ಲ. ಇಲ್ಲಿ ಬರೆದಿದ್ದೇನೆ.)
ಶಶಿರೇಖಾಗೆ ಹೇಳಿದೆ: ದಿನಾ ನಸುಕಿಗೆ
ಸೀಟಿನ ಕೆಳಗಿನ ಚೀಲದಲ್ಲಿ ಇದನ್ನು ಇಡು, ಇಲ್ಲಾ ಇಡಬೇಡ.
ನನಗೆ ಹೇಳಬೇಡ. ಕಾಲು ಹೇಳಲಿ.

ಆರು ನಸುಕು ಜೋಗಿಮಟ್ಟಿ.
ಎರಡನೆಯ ತಿರುವಿನಿಂದಲೇ ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತದೆ;
ಗುಡ್ಡದ ನೆತ್ತಿಯ ಗಾಳಿಕಂಬದ ರೆಕ್ಕೆಗಳು
ಯಾರದೋ ಕರೆಂಟಿಗೆ ನನ್ನ ಉಸಿರನ್ನೂ ಸೇರಿಸಿಕೊಂಡು ತಿರುಗುತ್ತವೆ.
ಬಂಡೆಗಳ ಸಂದಿಯಿಂದ ನವಿಲು ಕೂಗಿದರೆ
ಯಾರೋ ಬೈದಂತೆ.
ತೊಡೆ ಉರಿಯಿತು: ಇದೆ, ಅಂದೆ. ಇರಲಿಲ್ಲ.
ಹಗುರಾಗಿ ಹಾರಿದೆ: ಇಲ್ಲ, ಅಂದೆ. ಇತ್ತು.
ಆರಕ್ಕೆ ಮೂರು ಸರಿ.
ಕಾಸು ಚಿಮ್ಮಿದ್ದರೂ ಅಷ್ಟೇ, ಬೆವರಾದರೂ ಉಳಿಯುತ್ತಿತ್ತು.
ಎಲ್ಲಕ್ಕಿಂತ ಬೇಗ ಹತ್ತಿದ್ದು ಬುಧವಾರ;
ಅವತ್ತು ಚೀಲದಲ್ಲಿ ಅವಳು
ಬೆಳ್ಳುಳ್ಳಿ ಜಜ್ಜುವ ಗುಂಡುಕಲ್ಲನ್ನೇ ಇಟ್ಟಿದ್ದಳಂತೆ.
ಮುಕ್ಕಾಲು ಕಿಲೋ.
ನೋಡೋಣ ಅಂತ ಇಟ್ಟೆ, ಅಂದಳು.

ಹಾಗಾದರೆ ತೀರಿತಲ್ಲ? ತೀರಲಿಲ್ಲ.
ರಾತ್ರಿ ಕಣ್ಣು ಮುಚ್ಚಿದರೆ ಆ ಕಪ್ಪು,
ಬಿಸಿಲಿಗೆ ಹಿಡಿದರೆ ಮಾತ್ರ ಏಳುವ ನೇಯ್ಗೆ,
ಹಾವಿನ ಬೆನ್ನ ಹಾಗೆ.
ನನ್ನ ಬಟ್ಟಿನ ಅಡಿಯಲ್ಲೂ
ಯಾರೋ ಸೀಸ ಕೆರೆದಿದ್ದಾರೆ.

ಶನಿವಾರ ಸಂತೆಪೇಟೆಯಲ್ಲಿ ಓಬಕ್ಕ ಸೇವಂತಿಗೆ ಅಳೆಯುತ್ತಿದ್ದಳು,
ಮೊಳಕೈಯಿಂದ ನಡುಬೆರಳ ತುದಿಗೆ ಒಂದು ಮೊಳ.
ಮೊಳ ಕಾನೂನಿನಲ್ಲಿಲ್ಲ. ಎಂಟು ವರ್ಷದಿಂದ
ನಾನು ಆ ಕಡೆ ನೋಡದೆ ದಾಟುತ್ತೇನೆ.
ಶಾಲೆ ಹುಡುಗಿಯೊಬ್ಬಳಿಗೆ ಅಳೆಯುವಾಗ
ದಾರ ಬೆರಳು ದಾಟಿ ನಾಲ್ಕು ಹೂ ಮುಂದೆ ಹೋಯಿತು.
ಕೈ ಉದ್ದ ಆಯ್ತಲ್ಲ, ಅಂದೆ.
ಒಂದೊಂದು ಸಲ ಆಗುತ್ತೆ ಸಾ, ಅಂದಳು,
ತಲೆ ಎತ್ತದೆ.

ಸೋಮವಾರ ಬಟ್ಟುಗಳು ಪೆಟ್ಟಿಗೆಯ ತಗ್ಗಿಗೆ ಮರಳಿದವು.
ಬಾಗಿಲು ಹಾಕಿಕೊಂಡು ತೂಗಿ ನೋಡಿದೆ:
ಆರು ಸಲ ಗುಡ್ಡ ಹತ್ತಿಳಿದರೂ ಕೂದಲಷ್ಟು ವ್ಯತ್ಯಾಸವಿಲ್ಲ.
ಜಬೀವುಲ್ಲಾನ ಫೋನು ಎರಡು ಸಲ. ಎತ್ತಲಿಲ್ಲ.
ರಾತ್ರಿ ಊಟಕ್ಕೆ ಕೂತಾಗ ಶಶಿರೇಖಾ ಕೇಳಿದಳು,
ಏನ್ ಮಾಡಿದ್ರಿ?
ಕಾಲಿಗೆ ಗೊತ್ತಾಗೋದಿಲ್ಲ ಕಣೇ, ಅಂದೆ.

ಮುದ್ದೆ ಮುರಿದು ಸಾರಿಗೆ ಅದ್ದುತ್ತ, ಅವಳು:
ಕಾಲನ್ನ ಯಾರು ಕೇಳಿದ್ರು?